ವಜ್ರದ ತವರು

ಬಳ್ಳಾರಿಯ ಮೂಡಲಿಗೆ, ಗುಂತಕಲ್ಲಿನ ನೆರೆಯಲ್ಲಿ, ವಜ್ರಕರೂರೆಂಬ ಊರಿದೆ. 1882ರಲ್ಲಿ ಅನಂತಪುರವು ಬೇರೆ ಜಿಲ್ಲೆಯಾಗುವವರೆಗೆ ಅದೂ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಮುಂಗಾರಿನ ಮೊದಲ ಮಳೆ ಹೊಯ್ದು ಹೊಲದ ಮೇಲ್ಮಣ್ಣು ತೊಳೆದುಹೋದೊಡನೆ ಆ ಸೀಮೆಯ ಜನರು, ಹೆಂಗಸರು ಮಕ್ಕಳು ಸಹಿತ, ತಲೆ ಬಗ್ಗಿಸಿ ನೆಲವನ್ನೇ ನೋಡುತ್ತ ಹೊಲದಿಂದ ಹೊಲಕ್ಕೆ ನಡೆಯುವರು. ಅವರು ಅರಸುವುದು ವಜ್ರವನ್ನು. ಯಾರಿಗಾದರೂ ಒಂದು ಹರಳು ಸಿಕ್ಕುವುದೂ ಉಂಟು. ಸಿಕ್ಕದವರು ಮರುವರ್ಷ ಮತ್ತೆ ಬರುವರು. ಆ ಹರಳು ಹುಟ್ಟಿದ್ದೆಲ್ಲಿ ಎಂದು ವಿಚಾರಿಸುವ ವ್ಯವಧಾನ ಅವರಿಗಿರಬೇಕೆಂದು ಬಯಸುವುದು ನ್ಯಾಯವಲ್ಲ.

ಆದರೆ ಪ್ರಶ್ನೆಯು ಸಾಮಾನ್ಯವಾದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲಿನ ವಜ್ರಗಳು ಪೇಟೆಗೆ ಬರುವವರೆಗೆ ಲೋಕದ ಅರಸರ ಮುಡಿಗೇರಿದ ವಜ್ರಗಳಲ್ಲಿ ಬಹುಪಾಲು ಈ ನಮ್ಮ ಕೃಷ್ಣಾ ಪೆನ್ನಾರುಗಳ ಸೀಮೆಯಲ್ಲಿ, ಹೊಳೆಯ ಬೆಣಚುಕಲ್ಲುಗಳ ನಡುವೆಯೇ ದೊರೆತವು. ಹದಿನೇಳನೆಯ ಶತಮಾನದಲ್ಲಿ ಕೃಷ್ಣೆಯ ದಡದ ಕೊಲ್ಲೂರನ್ನು ಕಂಡ ಫ್ರೆಂಚ್ ವರ್ತಕ ತಾವೆರ್ನಿಯೇ ಅಲ್ಲಿ ಅರುವತ್ತು ಸಾವಿರ ಮಂದಿ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಆ ಗಣಿ ಬರಿದಾಯಿತು, ಜನ ಚದುರಿದರು. ಹೊಳೆಯು ವಜ್ರಕ್ಕೆ ಸಾಕುತಾಯಿಯೇ ಹೊರತು ಹೆತ್ತ ತಾಯಿಯಲ್ಲ. ತನ್ನ ಮಡಿಲಿನಲ್ಲಿದ್ದುದನ್ನು ಕೊಟ್ಟು ಮುಗಿಸಿದ ಮೇಲೆ ಅದರಲ್ಲಿ ಮತ್ತೇನೂ ಉಳಿಯದು. ತವರನ್ನು ಕಂಡುಹಿಡಿದವರಿಗೆ ಮಾತ್ರ ಮುಂದಿನ ದಾರಿ.

ಆ ತವರಿನ ಬಾಗಿಲು ಮೊದಲು ತೆರೆದುದು ದಕ್ಷಿಣ ಆಫ್ರಿಕದಲ್ಲಿ. 1871ರ ಸುಮಾರಿಗೆ ಅಲ್ಲಿ, ಮುಂದೆ ಕಿಂಬರ್ಲಿ ಎಂಬ ಹೆಸರನ್ನು ಪಡೆದ ಸ್ಥಳದಲ್ಲಿ, ಹೊಳೆಯಿಂದ ದೂರದ ಒಣನೆಲದೊಳಗೆ ವಜ್ರಗಳು ಸಿಕ್ಕಿದುವು. ಅಗೆದಷ್ಟೂ ಅವು ಕೆಳಗೆ ಕೆಳಗೆ ಇದ್ದುವು. ಮೇಲೆ ಹಳದಿ ಮಣ್ಣು, ಅದರಡಿಯಲ್ಲಿ ನೀಲಿ ಛಾಯೆಯ ಗಡುಸು ಶಿಲೆ. ನೂರೈವತ್ತು ಕಿಲೋಮೀಟರಿಗೂ ಆಳವಾದ ಭೂಗರ್ಭದಿಂದ ಉಕ್ಕಿಬಂದ ದ್ರವಶಿಲೆಯು ದಾರಿಯಲ್ಲಿದ್ದ ವಜ್ರಗಳನ್ನು ಹೊತ್ತು ತಂದು, ಲಾಳಿಕೆಯಾಕಾರದ ನಾಳಗಳಲ್ಲಿ ಹೆಪ್ಪುಗಟ್ಟಿತ್ತು. ಆ ಶಿಲೆಗೆ ಕಿಂಬರ್ಲೈಟ್ ಎಂದು ಹೆಸರಾಯಿತು. ವಜ್ರಕರೂರಿನ ನೆಲದಡಿಯಲ್ಲಿಯೂ ಅಂತಹ ನಾಳಗಳಿವೆ. ಆದರೆ ನಾಳದ ಬಾಯಿ ಸಾಮಾನ್ಯವಾಗಿ ಕೆಲವು ನೂರು ಮೀಟರು ಅಗಲದ್ದು. ಮಣ್ಣು, ಮರ, ಹುಲ್ಲು ಅದನ್ನು ಮುಚ್ಚಿರುವುವು. ಹೊಳೆಯಲ್ಲಿ ಸಿಕ್ಕ ಹರಳೊಂದನ್ನು ಕೈಯಲ್ಲಿಟ್ಟುಕೊಂಡು ಆ ಬಾಯನ್ನು ಹುಡುಕುವುದೆಂತು? ಇದಕ್ಕೆ ಒಂದು ಉತ್ತರವನ್ನು ಕೊಟ್ಟವರು ಇಬ್ಬರು ಹೆಂಗಸರು, ಅದೂ ಹಿಮದ ನಾಡಾದ ಸೈಬೀರಿಯದಲ್ಲಿ.

ಸೈಬೀರಿಯದ ನೆಲದ ರಚನೆ ದಕ್ಷಿಣ ಆಫ್ರಿಕದ ನೆಲವನ್ನು ಹೋಲುವುದರಿಂದ ಅಲ್ಲಿಯೂ ವಜ್ರವಿರಬೇಕೆಂದು ಸೊಬೊಲೆವ್ ಎಂಬ ಭೂವಿಜ್ಞಾನಿ 1940ರ ಸುಮಾರಿಗೇ ಹೇಳಿದ್ದನು. 1949ರಲ್ಲಿ ಫೈನ್‌ಷ್ಟೈನನ ತಂಡಕ್ಕೆ ವಿಲ್ಯೂಯ್ ನದಿಯ ಮರಳಿನಲ್ಲಿ ವಜ್ರ ದೊರೆಯಿತು. ಯಂತ್ರೋದ್ಯಮಕ್ಕೆ ವಜ್ರ ಬೇಕೇ ಬೇಕು; ಸೋವಿಯತ್ ಸರಕಾರ ಆತುರಪಟ್ಟಿತು. ಅಮಾಕಿನ್ಸ್ಕಾಯಾ ಎಂಬ ದೊಡ್ಡ ಶೋಧಕ ದಂಡು ವರ್ಷಗಟ್ಟಲೆ ಮರಳನ್ನು ತೋಡಿ, ಜರಡಿ ಹಿಡಿದು, ವಜ್ರದ ಹಿಂದೆ ವಜ್ರವನ್ನೇ ಅರಸುತ್ತ ಅಲೆಯಿತು. ತವರು ಮಾತ್ರ ಕಾಣಲಿಲ್ಲ. ಕಾರಣ ಸುಲಭವಾಗಿದೆ: ಹೊಳೆಯ ಮರಳಿನಲ್ಲಿ ವಜ್ರವು ಅತ್ಯಂತ ವಿರಳ, ಅದು ಕಠಿಣವಾದುದರಿಂದ ಸವೆಯದೆ ನೂರಾರು ಕಿಲೋಮೀಟರು ಉರುಳಿ ಹೋಗಬಲ್ಲುದು. ದಾರಿಯ ಗುರುತನ್ನು ಹೇಳಲು ಅದು ತೀರ ಮೌನಿ.

ಲೆನಿನ್‌ಗ್ರಾಡಿನ ನತಾಲ್ಯಾ ಸಾರ್ಸಾದ್‌ಸ್ಕಿಖ್ ಎಂಬ ಖನಿಜಶಾಸ್ತ್ರಜ್ಞೆಯ ಬುದ್ಧಿಗೆ ಹೊಳೆದುದು ಬೇರೆ ಉಪಾಯ. ಕಿಂಬರ್ಲೈಟಿನೊಳಗೆ ವಜ್ರದೊಡನೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಪೈರೋಪ್ ಎಂಬ ಕೆಂಗಲ್ಲು ಇರುತ್ತದೆ. ಬೆಲೆಯಿಲ್ಲದ ಹರಳು, ನೆತ್ತರ ಬಣ್ಣ, ಒಮ್ಮೊಮ್ಮೆ ನೇರಿಳೆ. ಅದು ಉರುಳುತ್ತ ಹೋದಂತೆ ಸವೆಯುತ್ತದೆ, ಒಡೆಯುತ್ತದೆ, ಕಡಮೆಯಾಗುತ್ತದೆ. ಹೊಳೆಯ ಎದುರು ದಿಕ್ಕಿನಲ್ಲಿ ನಡೆದರೆ ಕಾಳು ದಪ್ಪವಾಗಬೇಕು, ಅಂಚು ಮಸೆಯದೆ ಉಳಿದಿರಬೇಕು, ಎಣಿಕೆ ಏರಬೇಕು. ಎಲ್ಲಿ ಅದು ತಟ್ಟನೆ ನಿಂತುಹೋಗುವುದೋ ಅಲ್ಲಿಗೆ ಮನೆಯನ್ನು ದಾಟಿಬಂದಂತಾಯಿತು. ಹಿಂದಿರುಗಿ ಮಗ್ಗುಲಿನ ಇಳಿಜಾರನ್ನು ಹತ್ತಬೇಕು. ದೊರೆಯ ಬಿಡಾರವನ್ನರಿಯಬೇಕಾದರೆ ಆಳುಗಳ ಹೆಜ್ಜೆಯನ್ನು ಹಿಡಿದು ಹೋಗುವಂತಹ ಕೆಲಸವಿದು.

1953ರ ಬೇಸಗೆಯಲ್ಲಿ ಸಾರ್ಸಾದ್‌ಸ್ಕಿಖ್ ಮತ್ತು ಆಕೆಯ ಕಿರಿಯ ಸಹೋದ್ಯೋಗಿ ಲಾರಿಸಾ ಪೊಪುಗಾಯೆವಾ ಯಾಕುತಿಯದಿಂದ ತಂದ ಮರಳಿನಲ್ಲಿ ಆ ಕೆಂಗಲ್ಲು ಇದ್ದಿತು. ವಿಶ್ವವಿದ್ಯಾಲಯದ ಕುಖಾರೆಂಕೊ ಎಂಬ ವಿದ್ವಾಂಸನು ಅದನ್ನು ಆಫ್ರಿಕದ ಮಾದರಿಗಳೊಡನೆ ಹೋಲಿಸಿ ನೋಡಲು ನೆರವಾದನು. ಮರುವರ್ಷ ಸಾರ್ಸಾದ್‌ಸ್ಕಿಖ್ ಹಸುಗೂಸಿನ ಕಾರಣದಿಂದ ಹೊರಡಲಾರದೆ ಹೋದಳು. ಪೊಪುಗಾಯೆವಾಳಿಗೂ ಮನೆಯಲ್ಲಿ ಎಳೆಯ ಮಗಳಿದ್ದಳು. ಅವಳನ್ನು ಬಿಟ್ಟು ಈಕೆ ಹೊರಟಳು. ಜೊತೆಗೆ ಫ್ಯೋದೊರ್ ಬೆಲಿಕೊವ್ ಎಂಬ ಕೆಲಸಗಾರನೊಬ್ಬ, ಒಂದು ನಾಯಿ.

ದಾಲ್ದಿನ್ ಹೊಳೆಯ ದಡದಲ್ಲಿ ಅವರು ಮಾಡಿದುದು, ಹಿಂದೆ ನಮ್ಮ ಕಪ್ಪತಗುಡ್ಡದ ತೊರೆಗಳಲ್ಲಿ ಜಲಗಾರರು ಚಿನ್ನದ ರಜಕ್ಕಾಗಿ ಮಾಡುತ್ತಿದ್ದ ಕೆಲಸವನ್ನೇ: ಮರಳನ್ನು ಮರಿಗೆಗೆ ತುಂಬುವುದು, ನೀರಿನಲ್ಲಿ ಅಲುಗಿಸುವುದು, ಹಗುರವಾದುದನ್ನು ಚೆಲ್ಲುವುದು, ತಳದಲ್ಲಿ ನಿಂತ ಭಾರವಾದ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡುವುದು. ಮತ್ತೆ ನಾಲ್ಕು ಹೆಜ್ಜೆ ಮುಂದೆ, ಮತ್ತೆ ಮರಿಗೆ. ನೀರು ಎಲುಬು ಕೊರೆಯುವಷ್ಟು ತಣ್ಣಗೆ; ಮೇಲೆ ಸೊಳ್ಳೆಯ ಮೋಡ. ಕೆಂಗಲ್ಲುಗಳು ಅವರನ್ನು ಹೊಳೆಯಿಂದ ಒಂದು ಸಣ್ಣ ತೊರೆಗೆ, ತೊರೆಯಿಂದ ಪಾಚಿ ಹೊದ್ದ ಇಳಿಜಾರಿಗೆ ಕರೆದೊಯ್ದುವು. ಅಲ್ಲಿ ನೀರಿಲ್ಲ, ಮರಿಗೆ ಕೆಲಸಕ್ಕೆ ಬಾರದು. ಪಾಚಿಯನ್ನು ಕೈಯಿಂದ ಕಿತ್ತು, ಮಂಡಿಯೂರಿ, ಕೆಂಪು ಕಾಳುಗಳನ್ನು ನೋಡುತ್ತ ಸಾಗಬೇಕಾಯಿತು. 1954ರ ಆಗಸ್ಟ್ 21ರಂದು ಪಾಚಿಯಡಿಯಲ್ಲಿ ನೀಲಿ ಛಾಯೆಯ ಶಿಲೆ ಕಂಡಿತು. ಅದರ ಮೈಯಲ್ಲಿಯೇ ಕೆಂಗಲ್ಲುಗಳು ಹುದುಗಿದ್ದುವು. ಆ ದೇಶದಲ್ಲಿ ದೊರೆತ ಮೊದಲನೆಯ ಕಿಂಬರ್ಲೈಟ್ ನಾಳವದು. ಆಕೆ ಅದಕ್ಕೆ ಜಾರ್ನಿತ್ಸಾ ಎಂದು ಹೆಸರಿಟ್ಟಳು. ಗುಡುಗಿಲ್ಲದೆ ದಿಗಂತದಲ್ಲಿ ಹೊಳೆಯುವ ಮಿಂಚನ್ನು ರಷ್ಯನರು ಹಾಗೆ ಕರೆಯುತ್ತಾರೆ.

ಗುಡುಗು ಆಮೇಲೆ ಬಂದಿತು. ಅಮಾಕಿನ್ಸ್ಕಾಯಾ ದಂಡಿನ ಕೇಂದ್ರವಾದ ನ್ಯೂರ್ಬಾಕ್ಕೆ ಆಕೆ ಬಂದಾಗ, ಈ ಶೋಧನೆ ನಮ್ಮ ದಂಡಿನದೆಂದು ಆಗಬೇಕೆಂದು ಅಲ್ಲಿನ ಅಧಿಕಾರಿಗಳು ಪಟ್ಟುಹಿಡಿದರು. ಹಿಂದಿನ ದಿನಾಂಕ ಹಾಕಿ, ತಾನು ಮೊದಲೇ ಈ ದಂಡಿನಲ್ಲಿ ಕೆಲಸಕ್ಕೆ ಸೇರಿದ್ದೆನೆಂದು ಅರ್ಜಿ ಬರೆದುಕೊಡುವಂತೆ ಒತ್ತಾಯಿಸಿದರು. ಆಕೆಯ ತಂದೆಯನ್ನು 1937ರಲ್ಲಿ ಸರಕಾರವೇ ಗುಂಡಿಕ್ಕಿ ಕೊಂದಿತ್ತು. ಅಂತಹ ಮನೆಯ ಮಗಳಿಗೆ ಅಧಿಕಾರದ ಬೆದರಿಕೆ ಎಂದರೇನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊನೆಗೆ ಆಕೆ ಸಹಿ ಹಾಕಿದಳು. ಲೆನಿನ್‌ಗ್ರಾಡಿಗೆ ಮರಳಿದರೆ ಅಲ್ಲಿ ಜೊತೆಗಾರರೇ ದ್ರೋಹಿಯೆಂದು ಮುಖ ತಿರುಗಿಸಿದರು. ಇತ್ತ ದಂಡಿನವರನ್ನೂ ಕೇವಲ ಕಳ್ಳರೆಂದು ತಳ್ಳಿಹಾಕುವುದು ಸರಿಯಾಗದು. ಅದೇ ಚಳಿಯಲ್ಲಿ, ಅದೇ ಸೊಳ್ಳೆಯ ನಡುವೆ ವರ್ಷಗಳನ್ನು ಕಳೆದವರು ಅವರು. ಆದರೆ ಕಂಡವಳು ಇವಳು.

ಮರುವರ್ಷ ಕೆಂಗಲ್ಲಿನ ದಾರಿಯನ್ನೇ ಎಲ್ಲರೂ ಹಿಡಿದರು. 1955ರ ಜೂನ್ 13ರಂದು ಖಬಾರ್ದಿನನ ತಂಡಕ್ಕೆ ಮೀರ್, ಎರಡು ದಿನಗಳ ಮೇಲೆ ಷ್ಚೂಕಿನನ ತಂಡಕ್ಕೆ ಉದಾಚ್ನಾಯಾ, ಹೀಗೆ ಒಂದಾದ ಮೇಲೊಂದು ನಾಳಗಳು ದೊರೆತುವು. ಜಾರ್ನಿತ್ಸಾದಲ್ಲಿ ವಜ್ರ ಕಡಮೆ; ಈ ಎರಡರಲ್ಲಿಯೋ ಹೇರಳ. 1957ರಲ್ಲಿ ಯಾಕುತಿಯದ ವಜ್ರಶೋಧನೆಗಾಗಿ ಲೆನಿನ್ ಬಹುಮಾನವನ್ನು ಕೊಟ್ಟಾಗ ಪಟ್ಟಿಯಲ್ಲಿ ಈ ಇಬ್ಬರು ಹೆಂಗಸರ ಹೆಸರೂ ಇರಲಿಲ್ಲ. ಪದಕಗಳನ್ನಿತ್ತು ಸಮಾಧಾನ ಮಾಡಲಾಯಿತು. ಪೊಪುಗಾಯೆವಾ ಮುಂದೆ ಬಣ್ಣದ ರತ್ನಗಳ ಅಧ್ಯಯನದಲ್ಲಿ ತೊಡಗಿದಳು. ಗಣಿಯ ಪ್ರಥಮ ಶೋಧಕಳೆಂಬ ಮನ್ನಣೆ ಆಕೆಗೆ ಬಂದುದು 1970ರಲ್ಲಿ. 1977ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೆಂಗಲ್ಲನ್ನು ಹಿಂಬಾಲಿಸಿರೆಂದು ದಾರಿ ತೋರಿದ ಸಾರ್ಸಾದ್‌ಸ್ಕಿಖ್‌ಳಿಗೆ ಅದೇ ಮನ್ನಣೆ ದೊರೆಯುವ ಹೊತ್ತಿಗೆ 1990 ಆಗಿತ್ತು.