90 ನಿಮಿಷಕ್ಕಾಗಿ 800 ಕಿಲೋಮೀಟರು

ಕಾಲ್ಚೆಂಡಿನ ಪಂದ್ಯಕ್ಕೆ ವಿಧಿಸಿದ ಅವಧಿ 90 ನಿಮಿಷ. ಕುಂಬಳೆಯ ಆಸುಪಾಸಿನ ನಮ್ಮಂಥವರಿಗೆ ಅದು ಹಗಲು ರಾತ್ರಿಗಳೆರಡನ್ನೂ ನುಂಗುವ ವ್ಯವಹಾರ. 2014ರಲ್ಲಿ ಐಎಸ್‌ಎಲ್ ಪಂದ್ಯಾವಳಿ ಆರಂಭವಾದಂದಿನಿಂದ ನಾವು ಕೆಲವು ಗೆಳೆಯರು, ಅಡಿಕೆ ಕೃಷಿಕರು, ಅಧ್ಯಾಪಕರು, ಬ್ಯಾಂಕಿನ ನೌಕರರು, ಈಚೆಗೆ ನಮ್ಮ ಮಕ್ಕಳೂ, ವರ್ಷಕ್ಕೆ ಎರಡು ಮೂರು ಬಾರಿ ಈ ವ್ಯವಹಾರಕ್ಕೆ ಇಳಿಯುತ್ತ ಬಂದಿದ್ದೇವೆ. ದಕ್ಷಿಣಕ್ಕೆ ಹೋದರೆ ಕೊಚ್ಚಿಯ ಕಲೂರಿನ ಕ್ರೀಡಾಂಗಣ. ಘಟ್ಟ ಹತ್ತಿದರೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಎರಡೂ ನಮ್ಮ ಮನೆಗಳಿಂದ ಹೆಚ್ಚುಕಡಿಮೆ 400 ಕಿಲೋಮೀಟರು. ತಕ್ಕಡಿಯಲ್ಲಿ ತೂಗಿದಂತೆ ಎರಡು ಕಡೆಗೂ ನಾವು ಸಮಾನ ದೂರದವರು.

"ಟೀವಿಯಲ್ಲಿ ಚಂದ ಕಾಣ್ತದಲ್ಲ ಮಾರಾಯ್ರೆ, ಅಷ್ಟು ದೂರ ಹೋಗಿ ಇರುವೆಗಳ ಹಾಗೆ ಕಾಣುವವರನ್ನು ಯಾಕೆ ನೋಡುವುದು?" ಎಂದು ಮನೆಯ ಹಿರಿಯರು ಪ್ರತಿ ಸಲವೂ ಕೇಳುತ್ತಾರೆ. ಪ್ರತಿ ಸಲವೂ ನಾವು ಬುತ್ತಿ ಕಟ್ಟಿಸಿಕೊಂಡು ಹೊರಡುತ್ತೇವೆ.

ಕೊಚ್ಚಿಯ ದಾರಿಯೇ ಒಂದು ಪುರಾಣ. 2010ರಲ್ಲಿ 66 ಎಂಬ ಹೊಸ ಸಂಖ್ಯೆ ಪಡೆದ ಹೆದ್ದಾರಿಯನ್ನು ನಮ್ಮಲ್ಲಿ ಕೆಲವರು ಇಂದಿಗೂ ಹದಿನೇಳೆಂದೇ ಕರೆಯುತ್ತಾರೆ. ಅದನ್ನು ಆರು ಪಥಗಳಿಗೆ ಅಗಲಗೊಳಿಸುವ ಕಾಮಗಾರಿ ಆರಂಭವಾದ ಮೇಲೆ ನಾವು ಹೆದ್ದಾರಿಯಲ್ಲಿ ಹೋದುದಕ್ಕಿಂತ ಅದರ ಬದಿಯಲ್ಲಿ ತೆವಳಿದುದೇ ಹೆಚ್ಚು. ನುಣುಪಾದ ಹೊಸ ರಸ್ತೆ ತಲೆಯ ಮೇಲೆ. ಅದರ ಗೋಡೆಯ ಬುಡದ ಸರ್ವೀಸ್ ರಸ್ತೆಯಲ್ಲಿ ಲಾರಿಯ ಹೊಗೆ ಕುಡಿಯುತ್ತ ನಾವು. ಕಾಞಂಗಾಡು, ಪಯ್ಯನ್ನೂರು, ತಳಿಪರಂಬ, ಕಣ್ಣೂರು: ಊರಿಗೊಂದು ಬ್ಲಾಕು. 2024ರ ಮಾರ್ಚ್‌ನಲ್ಲಿ ತಲಶ್ಶೇರಿ–ಮಾಹಿ ಬೈಪಾಸು ತೆರೆದಾಗ ನಮಗಾದ ಹರ್ಷ ಗೋಲು ಕಂಡ ಹರ್ಷಕ್ಕೆ ಕಡಿಮೆಯದಲ್ಲ. ಆದರೆ ಅಲ್ಲಿ ಉಳಿಸಿದ ಹೊತ್ತನ್ನು ವಡಗರೆಯಲ್ಲಿ ಕಳೆದುಕೊಂಡೆವು. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಹೊಸ ರಸ್ತೆಯೇ ಕುಸಿದು ಬಿದ್ದ ಸುದ್ದಿ ಬಂದಾಗ, ಆ ಗದ್ದೆಬಯಲನ್ನು ಎಷ್ಟೋ ಸಲ ದಾಟಿದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕುಟ್ಟಿಪ್ಪುರದ ಸೇತುವೆಯ ಮೇಲಿಂದ ಭಾರತಪ್ಪುಳೆಯನ್ನು ಕಂಡಾಗ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿರುತ್ತದೆ. ತಾಳ್ಮೆ ಪೂರ್ತಿ ಸವೆದಿರುತ್ತದೆ. ಇನ್ನು ಇಡಪ್ಪಳ್ಳಿಯ ಬ್ಲಾಕು. ಆಟಗಾರರ ಪಟ್ಟಿ ಮೊಬೈಲಿಗೆ ಬಂದಿದೆ, ಅಕ್ಕಪಕ್ಕದ ವಾಹನಗಳಲ್ಲೆಲ್ಲ ಹಳದಿ ಅಂಗಿಗಳು, ಯಾವ ಚಕ್ರವೂ ಉರುಳದು. ಒಮ್ಮೆ ಮೊದಲ ಗೋಲಿನ ಗರ್ಜನೆಯನ್ನು ನಾವು ಕ್ರೀಡಾಂಗಣದ ಹೊರಗೆ, ಕಾರು ನಿಲ್ಲಿಸಲು ಸ್ಥಳ ಹುಡುಕುತ್ತ ಕೇಳಿದೆವು. ಹಿಂದಿನ ಸೀಟಿನಲ್ಲಿದ್ದ ಮಗು ಅತ್ತುಬಿಟ್ಟಿತು.

ಮರಳುವ ಹಾದಿಯ ಮಾತು ವಿನೋದದ್ದಲ್ಲ. ಪಂದ್ಯ ಮುಗಿದು ಹೊರಬೀಳುವಾಗ ಹತ್ತು ಗಂಟೆ ಕಳೆದಿರುತ್ತದೆ. ಮರುದಿನ ಒಬ್ಬರಿಗೆ ತರಗತಿ, ಇನ್ನೊಬ್ಬರಿಗೆ ಬ್ಯಾಂಕು. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಚಾಲಕನ ಕಣ್ಣು ಒಂದು ಕ್ಷಣ ಮುಚ್ಚಿದರೆ ಸಾಕು. ಆದ್ದರಿಂದ ನಮ್ಮಲ್ಲೊಂದು ಕಟ್ಟಳೆಯಿದೆ: ವಾಹನ ನಡೆಸಬಲ್ಲವರು ಇಬ್ಬರಿಲ್ಲದೆ ಕಾರು ಹೊರಡಬಾರದು, ಮುಂದಿನ ಸೀಟಿನವನು ನಿದ್ರಿಸಬಾರದು. ಎಷ್ಟೋ ಹಾಡುಗಳನ್ನು, ಯಕ್ಷಗಾನದ ಎಷ್ಟೋ ಪ್ರಸಂಗಗಳ ಅರ್ಥಗಾರಿಕೆಯನ್ನು ನಾವು ಚಾಲಕನ ಕಣ್ಣು ತೆರೆದಿಡುವುದಕ್ಕಾಗಿಯೇ ಕಲಿತಿದ್ದೇವೆ.

ದಾರಿಯ ದಣಿವಿಗಿಂತ ಬೇರೊಂದು ದಣಿವೂ ಇದೆ. ಕೊಚ್ಚಿಯ ಗ್ಯಾಲರಿಯಲ್ಲಿ ನಮ್ಮ ಕನ್ನಡವನ್ನು ಕೇಳಿದ ಪಕ್ಕದವರು "ಬೆಂಗಳೂರಿನವರೇ?" ಎನ್ನುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಮಕ್ಕಳ ಹಳದಿ ಅಂಗಿ ಕಂಡವರು, ನಾವು ಕನ್ನಡದಲ್ಲಿ ಉತ್ತರಿಸಿದಾಗ ಬೆರಗಾಗುತ್ತಾರೆ. ಚಂದ್ರಗಿರಿಯ ಉತ್ತರದ ನಾವು 1956ರ ನವೆಂಬರ್ 1ರಿಂದ ಕೇರಳದವರು, ಮನೆಮಾತು ಮಾತ್ರ ಬೇರೆ ಎಂಬುದನ್ನು ಎರಡೂ ಕಡೆ ಮೊದಲಿನಿಂದ ವಿವರಿಸಬೇಕು. ಹತ್ತು ಗಂಟೆ ಪ್ರಯಾಣ ಮಾಡಿ ಬಂದವರಿಗೆ ಈ ವಿವರಣೆ ಇನ್ನೊಂದು ಘಟ್ಟ ಹತ್ತಿದಂತೆ.

2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ತಂಡಗಳ ನಾಕೌಟ್ ಪಂದ್ಯಕ್ಕೆ ಶಿರಾಡಿ ಘಟ್ಟ ಏರಿ ಹೋದ ನಮ್ಮ ವಾಹನದಲ್ಲಿ ಎರಡು ಪಕ್ಷಗಳಿದ್ದವು. ಹಿರಿಯರು ನೀಲಿ, ಮಕ್ಕಳು ಹಳದಿ. ಗುಂಡ್ಯದಿಂದ ಸಕಲೇಶಪುರದವರೆಗೆ ವಾಗ್ವಾದ. ನಿಗದಿತ ಅವಧಿಯಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಹೊಡೆದರು, ಗೋಲು ಮಾನ್ಯವಾಯಿತು, ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದರು. ಆಟ ಮುಂದುವರಿಯಲಿಲ್ಲ, ಬೆಂಗಳೂರಿಗೆ 1–0 ಗೆಲುವು. ಸರಿ ತಪ್ಪುಗಳ ತೀರ್ಪು ನಮ್ಮದಲ್ಲ. ಆದರೆ 400 ಕಿಲೋಮೀಟರು ಬಂದು ಅರ್ಧಕ್ಕೆ ನಿಂತ ಆಟ ನೋಡಿ ಮರಳುವಾಗ, ಗೆದ್ದ ಹಿರಿಯರಿಗೂ ಸೋತ ಮಕ್ಕಳಿಗೂ ಮಾತು ಹೊರಡಲಿಲ್ಲ. ಮುಂಜಾವದ ಹೊತ್ತಿಗೆ ಬಿ.ಸಿ.ರೋಡಿನಲ್ಲಿ ಚಹಾ ಕುಡಿಯುವಾಗ ಎರಡೂ ಪಕ್ಷಗಳು ಒಂದೇ ಬೆಂಚಿನ ಮೇಲಿದ್ದವು.

ಹೀಗಿದ್ದೂ ಏಕೆ ಹೋಗುತ್ತೇವೆ? 2016ರ ಡಿಸೆಂಬರ್ 18ರ ಅಂತಿಮ ಪಂದ್ಯ ನಮ್ಮ ಉತ್ತರ. ಕಲೂರಿನ ತುಂಬಿದ ಕ್ರೀಡಾಂಗಣದಲ್ಲಿ ಕೋಲ್ಕತ್ತದ ತಂಡದ ವಿರುದ್ಧ ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದವರು ಮುಹಮ್ಮದ್ ರಾಫಿ, ನಮ್ಮದೇ ಕಾಸರಗೋಡು ಜಿಲ್ಲೆಯ ತ್ರಿಕರಿಪುರದವರು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಬ್ಲಾಸ್ಟರ್ಸ್ ಸೋತಿತು. ಆದರೆ ಆ ಒಂದು ಕ್ಷಣ, "ನೀವು ಎಲ್ಲಿಯವರು?" ಎಂದು ಕೇಳಿದ್ದ ಪಕ್ಕದವನಿಗೆ ನಾವು "ರಾಫಿಯ ಜಿಲ್ಲೆಯವರು" ಎಂದೆವು. ಬೇರೆ ವಿವರಣೆ ಬೇಕಾಗಲಿಲ್ಲ. ಗುರುತಿಲ್ಲದ ಆತ ನಮ್ಮನ್ನು ಅಪ್ಪಿಕೊಂಡ.

ಮುಂದೊಂದು ದಿನ ಹೆದ್ದಾರಿ ಪೂರ್ಣಗೊಂಡೀತು, ಗಂಟೆಗಳೂ ಕಡಿಮೆಯಾದಾವು. ಅಲ್ಲಿಯವರೆಗೆ ಬ್ಲಾಕಿನಲ್ಲಿ ಕುಳಿತು ಮಕ್ಕಳೊಡನೆ ಜಗಳವಾಡುವ ಈ ಹೊತ್ತು ನಮ್ಮದು. ಮನೆಯಲ್ಲಾದರೆ ಅವರು ನಮ್ಮೊಡನೆ ಹತ್ತು ಗಂಟೆ ಕನ್ನಡದಲ್ಲಿ ಮಾತನಾಡುವುದುಂಟೆ? ಸಂಘದ ಬಾಂಧವರಲ್ಲಿ ಆಸಕ್ತರಿದ್ದರೆ ಮುಂದಿನ ಪಂದ್ಯಕ್ಕೆ ನಮ್ಮ ವಾಹನದಲ್ಲಿ ಸ್ಥಳವಿದೆ. ಅಂಗಿ ಯಾವ ಬಣ್ಣದ್ದಾದರೂ ಆಗಬಹುದು. ರಾತ್ರಿ ಮೂರು ಗಂಟೆಗೆ ವಾಹನ ನಡೆಸಲು ಬರುವವರಿಗೆ ಆದ್ಯತೆ.