ಅಂಬಾಜಿದುರ್ಗವನ್ನು ಬಳಸಿ ಬಂದ ಈರಣ್ಣನ ದನಿ

ಬೆಂಗಳೂರಿನಿಂದ ಹೊಸಕೋಟೆ ಮಾರ್ಗವಾಗಿ ಚಿಂತಾಮಣಿಗೆ ಹೋಗುವ ಬಸ್ಸು ಕೈವಾರ ಕ್ರಾಸ್ ಸಮೀಪಿಸುತ್ತಿದ್ದಂತೆ ಬಯಲಿನ ನಡುವೆ ಬೆಟ್ಟಗಳ ಸಾಲೊಂದು ತಲೆ ಎತ್ತುತ್ತದೆ. ಮೈತುಂಬ ಬೋಳು ಬಂಡೆ, ಸಂದಿಗೊಂದಿಗಳಲ್ಲಿ ಕುರುಚಲು ಗಿಡ. ಈ ಸಾಲಿನ ಹಿರಿಯಣ್ಣನೇ ಅಂಬಾಜಿದುರ್ಗ. ಹಳೆಯ ಗೆಜೆಟಿಯರಿನ ಲೆಕ್ಕದಲ್ಲಿ 4,399 ಅಡಿ, ಎಂದರೆ ಸುಮಾರು 1,341 ಮೀಟರ್. ಸುತ್ತಲ ಬಯಲೇ ಸಮುದ್ರ ಮಟ್ಟದಿಂದ 870 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಕಣ್ಣೆದುರು ನಿಲ್ಲುವ ಬೆಟ್ಟ 470 ಮೀಟರಿನದು. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ಅದಕ್ಕೆ ಕೆಲಸವಿದೆ.

ಚರಿತ್ರೆಯ ಪುಸ್ತಕದಲ್ಲಿ ಈ ದುರ್ಗಕ್ಕೆ ಸಿಕ್ಕಿರುವ ಜಾಗ ಒಂದೆರಡು ಸಾಲು ಮಾತ್ರ. ಟಿಪ್ಪು ಸುಲ್ತಾನ ಇಲ್ಲಿ ಕೋಟೆಯನ್ನು ಬಲಪಡಿಸಿದ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ನಂದಿದುರ್ಗಕ್ಕೆ ಮುತ್ತಿಗೆ ಹಾಕುವ ಮೊದಲು ಕಾರ್ನ್‌ವಾಲಿಸನ ಸೈನ್ಯ ರಹಮಾನಗಢದ ಜೊತೆಗೆ ಇದನ್ನೂ ವಶಪಡಿಸಿಕೊಂಡಿತು. ಈಗ ಉಳಿದಿರುವುದು ಕುಸಿದ ಗೋಡೆಗಳ ಅವಶೇಷ. ನಂದಿಗೆ ಹೋಗುವ ಕಾರುಗಳ ಸಾಲಿನಲ್ಲಿ ನೂರರಲ್ಲೊಂದೂ ಇತ್ತ ತಿರುಗುವುದಿಲ್ಲ. ಅದೂ ಒಂದು ಭಾಗ್ಯವೆನ್ನಬೇಕು! ಬರುವವರು ಹೆಚ್ಚಾಗಿ ಕೈವಾರದ ತಾತಯ್ಯನವರ ಮಠಕ್ಕೆ ಬಂದವರು. ಹಾಗೆಯೇ ಮುಂದುವರಿದು ಇಲ್ಲಿನ ಕೈಲಾಸಗಿರಿಯಲ್ಲಿ ಇತ್ತೀಚಿನ ಕಾಲದಲ್ಲಿ ಬಂಡೆ ಕೊರೆದು ಮಾಡಿದ ಗುಹಾಲಯಗಳನ್ನು ನೋಡಿ ಹೋಗುತ್ತಾರೆ.

ಗುಹೆಯೊಳಗೆ ಕಾಲಿಟ್ಟ ಮಕ್ಕಳು ಮೊದಲು ಮಾಡುವ ಕೆಲಸ ಕೂಗುವುದು. ಬೇಸಾಯದ ಊರುಗಳ ನಡುವಿನ ಈ ಬೆಟ್ಟಕ್ಕೂ ದನಿಗೂ ಇರುವ ನಂಟು ಮಾತ್ರ ಆ ಕೂಗಿಗಿಂತ ಹಳೆಯದು.

ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಈ ಸೀಮೆಯ ಹಳ್ಳಿಗಳಿಗೆ ಕರೆಂಟಿಗಿಂತ ಮೊದಲೇ ರೇಡಿಯೋ ಬಂದದ್ದುಂಟು. ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲ ಅದು. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ರೇಷ್ಮೆಹುಳು ನಾಲ್ಕನೇ ಜ್ವರ ಕಳೆದು ಎದ್ದಿತೆಂದರೆ ಮನೆಯವರಿಗೆ ನಿದ್ದೆಯಿಲ್ಲ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಇರಬೇಕು. ಅಂಥ ಮನೆಗಳಲ್ಲಿ ಮೂಲೆಯ ಗೂಡಿನಲ್ಲಿಟ್ಟ ಟ್ರಾನ್ಸಿಸ್ಟರೇ ಜೊತೆಗಾರ. ಸಂಜೆಯ ಕೃಷಿರಂಗ, ವಾರ್ತೆ, ನಾಟಕ, ಇವುಗಳ ನಡುವೆ ಜನ ಕಾದಿದ್ದು ಕೇಳುತ್ತಿದ್ದ ಒಂದು ದನಿ ‘ಈರಣ್ಣ’ನದು.

ಈರಣ್ಣನ ನಿಜವಾದ ಹೆಸರು ಎ.ಎಸ್. ಮೂರ್ತಿ. ತಂದೆ ಎ.ಎನ್. ಸುಬ್ಬರಾಯರು ಬೆಂಗಳೂರಿನಲ್ಲಿ 1919ರಲ್ಲಿ ‘ಕಲಾಮಂದಿರ’ ಎಂಬ ಚಿತ್ರಕಲಾ ಶಾಲೆಯನ್ನು ಕಟ್ಟಿದವರು. ಬಣ್ಣ ಕುಂಚಗಳ ಮನೆಯಲ್ಲಿ ಬೆಳೆದ ಮಗ ಹೆಸರು ಮಾಡಿದ್ದು ಕಣ್ಣಿಗೆ ಏನೂ ಕಾಣದ ಮಾಧ್ಯಮದಲ್ಲಿ ಎನ್ನುವುದು ವಿಚಿತ್ರ. ಬೆಂಗಳೂರು ಆಕಾಶವಾಣಿಯಲ್ಲಿ ಅವರು ದನಿ ಕೊಟ್ಟ ಈರಣ್ಣ ಪಂಡಿತನಲ್ಲ, ಅಧಿಕಾರಿಯಲ್ಲ. ಬೀದಿಯಲ್ಲಿ ಸಿಗುವ ಸಾಮಾನ್ಯ. ದಿನನಿತ್ಯದ ತಾಪತ್ರಯಗಳನ್ನು ಹಿಡಿದು ನಗಿಸುತ್ತಲೇ ಚುಚ್ಚುವವ. ಸರ್ಕಾರಿ ಮಾಧ್ಯಮದೊಳಗೇ ಕುಳಿತು ಸಾರ್ವಜನಿಕರ ಪರವಾಗಿ ಗೊಣಗುವ ಕೆಲಸ ಸುಲಭದ್ದಲ್ಲ. ಅದನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ ‘ಆಕಾಶವಾಣಿ ಈರಣ್ಣ’ ಎಂಬ ಹೆಸರು ಅಂಟಿಕೊಂಡು, ಹುಟ್ಟಿದ ಹೆಸರು ಹಿಂದಕ್ಕೆ ಸರಿಯಿತು.

ಈ ಹಾಸ್ಯಕ್ಕೆ ಹಿಂದಿನ ಬೇರು ಮೈಸೂರಿನದು. 1935ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಯಂತ್ರ ಇಟ್ಟು ಬಾನುಲಿ ಆರಂಭಿಸಿದರು. ನಾಟಕದ ಹುಚ್ಚಿದ್ದ ಅವರ ಬಳಗದಲ್ಲಿ ಹಾಸ್ಯ ಸಾಹಿತಿ ನಾ. ಕಸ್ತೂರಿಯವರೂ ಇದ್ದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಅಲ್ಲಿಯೇ. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಶುರುವಾದಾಗ ನಾಟಕ, ನಗೆಮಾತುಗಳ ಆ ಅಭ್ಯಾಸವೂ ಜೊತೆಗೆ ಬಂತು.

ರೇಡಿಯೋ ಹಾಸ್ಯಗಾರನ ಕಷ್ಟ ಹೊರಗಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ನರಸಿಂಹರಾಜು ತೆರೆಯ ಮೇಲೆ ಬಂದು ಹಲ್ಲು ಬಿಟ್ಟರೆ ಸಾಕು, ಟೆಂಟಿನಲ್ಲಿ ಗುಲ್ಲೋ ಗುಲ್ಲು. ಬಾಲಕೃಷ್ಣ ಓರೆಗಣ್ಣಿನಲ್ಲಿ ನೋಡಿದರೂ ಆಯಿತು. ಬಾನುಲಿಯಲ್ಲಿ ಹಲ್ಲೂ ಇಲ್ಲ, ಕಣ್ಣೂ ಇಲ್ಲ. ಅದರ ಮೇಲೆ ಯಂತ್ರದ ಕಾಟ ಬೇರೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಆದರೆ ಮೀಡಿಯಂ ವೇವ್‌ನಲ್ಲಿ ನಿಲ್ದಾಣ ನಿಲ್ದಾಣಗಳ ನಡುವೆ 9 ಕಿಲೋಹರ್ಟ್ಸ್ ಮಾತ್ರ ಅಂತರವಿರುವುದರಿಂದ ಸಾಧಾರಣ ಸೆಟ್ಟಿನಲ್ಲಿ ಕೇಳಿಬರುವುದು ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ವರೆಗಿನ ದನಿ. ‘ಸ’ಕಾರದ ಹರಿತ ಬಹುಪಾಲು ಅದಕ್ಕಿಂತ ಮೇಲೆಯೇ ಇರುವುದು. ಅದು ದಾರಿಯಲ್ಲೇ ಸೋರಿಹೋಗುತ್ತದೆ. ಉಳಿಯುವುದು ಸ್ವರಗಳ ಎಳೆತ, ಏರಿಳಿತ, ಮತ್ತು ಮಾತಿನ ನಡುವಿನ ಮೌನ. ಇಷ್ಟರಲ್ಲೇ ನಗಿಸಬೇಕು. ಕೇಳುಗ ಎಲ್ಲಿ ನಗುತ್ತಾನೆಂದು ಸ್ಟುಡಿಯೋದ ಒಳಗೆ ಕುಳಿತವನಿಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಆದರೂ ನಗುವಿಗೆ ಜಾಗ ಬಿಟ್ಟು ಮುಂದಿನ ಮಾತು ಆಡಬೇಕು. ವೇದಿಕೆಯ ನಟರಲ್ಲಿ ಎಷ್ಟೋ ಜನ ಮೈಕಿನ ಮುಂದೆ ಸೋಲುತ್ತಿದ್ದುದು ಇದೇ ಕಾರಣಕ್ಕೆ.

ಇನ್ನು ಬೆಟ್ಟದ ಲೆಕ್ಕಕ್ಕೆ ಬರೋಣ. ಬೆಂಗಳೂರು ಕೇಂದ್ರದ ಮೀಡಿಯಂ ವೇವ್ ಆವರ್ತನ 612 ಕಿಲೋಹರ್ಟ್ಸ್ ಎಂಬುದು ಹಳೆಯ ಕೇಳುಗರಿಗೆ ಬಾಯಿಪಾಠ. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ: 490 ಮೀಟರ್. ಅಂಬಾಜಿದುರ್ಗದ ಎತ್ತರ 470 ಮೀಟರ್. ಅಲೆಯೂ ಬೆಟ್ಟವೂ ಹೆಚ್ಚುಕಡಿಮೆ ಒಂದೇ ಅಳತೆಯವು! ತನ್ನಷ್ಟೇ ಗಾತ್ರದ ಅಡ್ಡಿ ಎದುರಾದಾಗ ಅಲೆ ಅದಕ್ಕೆ ಢಿಕ್ಕಿ ಹೊಡೆದು ನಿಲ್ಲುವುದಿಲ್ಲ. ಕೆರೆಯ ನೀರಿನ ಅಲೆ ಕಂಬವನ್ನು ಬಳಸಿ ಹೋಗುವಂತೆ ಬಾಗಿಕೊಂಡು ಆಚೆಗೆ ಹೋಗುತ್ತದೆ. ಹಾಗಾಗಿ ಬೆಟ್ಟದ ಮರೆಯಲ್ಲಿದ್ದ ಊರುಗಳಿಗೂ ಈರಣ್ಣ ತಪ್ಪದೆ ಬರುತ್ತಿದ್ದ. ಎಫ್.ಎಂ. ಅಲೆಯ ಉದ್ದ ಸುಮಾರು ಮೂರು ಮೀಟರ್. ಅದಕ್ಕೆ ಈ ಬೆಟ್ಟವೆಂದರೆ ಗೋಡೆಯೇ. ಬೆಂಗಳೂರಿನ ಎಫ್.ಎಂ. ಹಾಡು ಬೆಟ್ಟದ ಈಚೆ ಕೇಳಿ ಆಚೆ ಬುಸುಗುಟ್ಟಿದರೆ ಸೆಟ್ಟನ್ನು ಬೈದು ಫಲವಿಲ್ಲ.

ರಾತ್ರಿಯಾದರೆ ಬೇರೆಯೇ ಆಟ. ಹಗಲಿನಲ್ಲಿ ಮೀಡಿಯಂ ವೇವನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಕತ್ತಲಾದ ಮೇಲೆ ಕರಗುತ್ತದೆ. ಮೇಲಿನ ಪದರಕ್ಕೆ ತಾಗಿ ದೂರದ ನಿಲ್ದಾಣಗಳು ಇಳಿಯುತ್ತವೆ. ಕಡಪ, ಹೈದರಾಬಾದ್, ಮದ್ರಾಸು ಎಲ್ಲವೂ ಒಂದರ ಬೆನ್ನಿಗೊಂದು. ತೆಲುಗು ಮನೆಮಾತಿನವರಿಗೆ ತೆಲುಗು ಕೇಳುವ ಅವಕಾಶ ಬೆರಳ ತುದಿಯಲ್ಲಿಯೇ ಇತ್ತು. ಹಾಗಿದ್ದೂ ಮುಳ್ಳನ್ನು ಬೆಂಗಳೂರಿಗೆ ತಿರುಗಿಸಿ ಕುಳಿತರೆಂದರೆ ಆ ದನಿಗೆ ಇದ್ದ ಸೆಳೆತ ಎಂಥದ್ದಿರಬೇಕು! ಈ ಗಡಿಸೀಮೆಯಲ್ಲಿ ಆಡುಮಾತಿನ ಕನ್ನಡವನ್ನು ಅಡುಗೆಮನೆಯವರೆಗೆ ತಂದದ್ದರಲ್ಲಿ ಪಠ್ಯಪುಸ್ತಕಕ್ಕಿಂತ ರೇಡಿಯೋದ ಪಾಲು ಹೆಚ್ಚು ಎಂದರೆ ಮೇಷ್ಟ್ರುಗಳು ಮುನಿಸಿಕೊಳ್ಳಬಾರದು.

ಮೂರ್ತಿಯವರು ಮೈಕಿಗೆ ಅಂಟಿಕೊಂಡು ಕೂರಲಿಲ್ಲ. ‘ಚಿತ್ರಾ’ ತಂಡದೊಂದಿಗೆ ಬೀದಿಗಿಳಿದು ಬೀದಿ ನಾಟಕ ಆಡಿದರು. 1980ರ ದಶಕದಲ್ಲಿ ಬೆಂಗಳೂರಿನ ಹನುಮಂತನಗರದಲ್ಲಿ ‘ಅಭಿನಯ ತರಂಗ’ ಎಂಬ ಭಾನುವಾರದ ನಾಟಕ ಶಾಲೆ ನಡೆಸಿದರು. ವಾರವಿಡೀ ದುಡಿಯುವವರಿಗೂ ರಂಗಶಿಕ್ಷಣ ಸಿಗಲೆಂಬುದು ಅದರ ಉದ್ದೇಶ. 2012ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಮತ್ತೆ ಈರಣ್ಣನ ಹೆಸರೇ.

ನಟ ಸತ್ತರೂ ಸಿನಿಮಾ ಉಳಿಯುತ್ತದೆ. ಬಾನುಲಿಗೆ ಆ ಪುಣ್ಯವಿಲ್ಲ. ಆ ಕಾಲದ ಎಷ್ಟೋ ಕಾರ್ಯಕ್ರಮಗಳು ನೇರ ಪ್ರಸಾರವಾದವು. ಧ್ವನಿಮುದ್ರಿಸಿದ ಟೇಪನ್ನೂ ಅಳಿಸಿ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ಟೇಪು ದುಬಾರಿ, ನಗೆಮಾತು ಅಗ್ಗ ಎಂದುಕೊಂಡರೋ ಏನೋ. ಎರಡು ಶತಮಾನ ಹಿಂದಿನ ಕೋಟೆಯ ಕಲ್ಲು ಇಲ್ಲಿ ಇನ್ನೂ ಕೈಗೆ ಸಿಗುತ್ತದೆ. ಐವತ್ತು ವರ್ಷದ ಹಿಂದೆ ಇದೇ ಕಲ್ಲನ್ನು ಬಳಸಿ ಹೋದ ದನಿ, ಅದನ್ನು ಕೇಳಿದ ಮುದುಕ ಮುದುಕಿಯರ ನೆನಪಿನಲ್ಲಿ ಮಾತ್ರ ಇದೆ. ಮಾತು ಏನೆಂದು ಕೇಳಿದರೆ ಅವರಿಗೂ ಮರೆತಿರಬಹುದು. ಹೇಗೆ ಹೇಳುತ್ತಿದ್ದ ಎಂದು ಕೇಳಿ ನೋಡಿದರೆ ಮುಖ ಅರಳೀತು.

ದುರ್ಗ ಹತ್ತುವವರು ಬೆಳಿಗ್ಗೆ ಬೇಗ ಹೊರಡುವುದು ಲೇಸು. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ನೀರು, ಬುತ್ತಿ ಜೊತೆಗಿರಲಿ. ತಿಳಿಯಾದ ದಿನ ನೆತ್ತಿಯಿಂದ ಎಪ್ಪತ್ತು ಕಿಲೋಮೀಟರಿಗೂ ಮೀರಿ ದೃಷ್ಟಿ ಹರಿಯಬಲ್ಲದು. ಪಶ್ಚಿಮಕ್ಕೆ ನಂದಿಯ ಸಾಲು ಗುರುತಿಗೆ ಸಿಗುತ್ತದೆ. ಮನೆಯ ಅಟ್ಟದಲ್ಲಿ ಮೀಡಿಯಂ ವೇವ್ ಪಟ್ಟಿಯಿರುವ ಹಳೆಯ ಟ್ರಾನ್ಸಿಸ್ಟರ್ ಬಿದ್ದಿದ್ದರೆ ಹೊಸ ಸೆಲ್ ಹಾಕಿಕೊಂಡು ತರಬಹುದು. ಸಂಜೆ ಇಳಿದು ಬಂದು ಕತ್ತಲಾಗುವ ಹೊತ್ತಿಗೆ ಬೆಟ್ಟದ ಬುಡದಲ್ಲಿ ಕುಳಿತು ಮುಳ್ಳನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಲಿ.