ಬೀನ್ಸ್ ಹೆಚ್ಚುವಷ್ಟು ಹೊತ್ತು

ಪ್ರೋಟೀನಿಗೆ ಶಾಖ ತಗುಲಿದರೆ ಏನಾಗುತ್ತದೆ ಎಂದು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಉದಾಹರಣೆ ಪ್ರತಿಸಲವೂ ಅದೇ, ಬೇಯಿಸಿದ ಮೊಟ್ಟೆ. ಬೇಯಿಸುತ್ತಿದ್ದವರು ಮಾತ್ರ ಮೊದಲು ಅಮ್ಮ, ಆಮೇಲೆ ಹೆಂಡತಿ.

ವರ್ಗವಾಗಿ ಅರಸೀಕೆರೆಗೆ ಬಂದು, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು ಕೇಳಿಸುವಷ್ಟು ಹತ್ತಿರ ಒಂದು ರೂಮು ಹಿಡಿದೆ. ಓನರ್ ಕೊಬ್ಬರಿ ವ್ಯಾಪಾರಸ್ಥರು. ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಹಾಗಾಗಿ ನನ್ನ ಅಡುಗೆ ಕಲಿಕೆ ಶುರುವಾದದ್ದೇ ಕಳ್ಳತನದಿಂದ. ಪೇಪರಿನಲ್ಲಿ ಸುತ್ತಿದ ಮೊಟ್ಟೆ ಬ್ಯಾಗಿನಲ್ಲಿ ಪಠ್ಯಪುಸ್ತಕದ ಪಕ್ಕ ಕೂತು ಮೆಟ್ಟಿಲೇರುತ್ತಿತ್ತು.

ಮೊದಲನೆಯದನ್ನು ಕೊತಕೊತ ಕುದಿಯುವ ನೀರಿಗೆ ಮೇಲಿಂದ ಬಿಟ್ಟೆ. ಟಪ್ ಎಂದು ಒಡೆದು, ಬಿಳಿ ಶಾವಿಗೆಯಂತೆ ಪಾತ್ರೆ ತುಂಬ ಹರಡಿತು. ಎರಡನೆಯದನ್ನು ಒಲೆಗಿಟ್ಟು ಉತ್ತರಪತ್ರಿಕೆ ತಿದ್ದುತ್ತಾ ಕೂತವನಿಗೆ ನೀರಿಂಗಿದ ವಾಸನೆ ಬಂದಮೇಲೇ ಎಚ್ಚರ. ಕತ್ತರಿಸಿದರೆ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ. ಬಿಳಿಯಲ್ಲಿನ ಗಂಧಕ, ಹಳದಿಯಲ್ಲಿನ ಕಬ್ಬಿಣ ಸೇರಿದರೆ ಹೀಗಾಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೇನು, ತಿನ್ನಬೇಕಾದವನೂ ನಾನೇ.

ನಾಚಿಕೆ ಬಿಟ್ಟು ಶಾಲೆಯ ಬಿಸಿಯೂಟದ ಅಕ್ಕನನ್ನು ಕೇಳಿದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆರಡು ದಿನ ಕೊಡುತ್ತಿದ್ದ ಮೊಟ್ಟೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಆರು ದಿನವಾಗಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅಂದರೆ, ಮೊಟ್ಟೆ ಬೇಯಿಸುವುದರಲ್ಲಿ ಈ ಅಕ್ಕನಷ್ಟು ಕೈ ಪಳಗಿದವರು ಸುತ್ತಮುತ್ತ ಇರಲಾರರು.

"ಎಷ್ಟು ನಿಮಿಷ ಅಕ್ಕ?"

"ನಿಮಿಷ ಯಾರು ನೋಡ್ತಾರೆ ಸಾರ್? ಕುದಿ ಬಂದ್ಮೇಲೆ ಬೀನ್ಸ್ ಹೆಚ್ಚಕ್ಕೆ ಕೂರ್ತೀನಿ. ಹೆಚ್ಚಿ ಮುಗಿಯೋ ಹೊತ್ತಿಗೆ ಆಗಿರ್ತದೆ."

ನಾನು ಗುಟ್ಟಾಗಿ ವಾಚು ನೋಡಿದೆ. ಹದಿಮೂರು ನಿಮಿಷ. ಮರುದಿನವೂ ಹದಿಮೂರು. ಮೊಬೈಲಿನಲ್ಲಿ ನೋಡಿದ ಹತ್ತು ನಿಮಿಷದ ಲೆಕ್ಕಕ್ಕಿಂತ ಇದೇಕೆ ಹೆಚ್ಚು? ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ನೀರು ನೂರು ಡಿಗ್ರಿ ಮುಟ್ಟುವ ಮೊದಲೇ, 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಹಳೇಬೀಡು, ಬೇಲೂರಿಗೆ ಏರಿದಂತೆ ಇನ್ನೂ ಸ್ವಲ್ಪ ಕಮ್ಮಿ. ಇದನ್ನು ವಿವರಿಸಲು ಹೊರಟರೆ ಅಕ್ಕ, "ಹಂಗೂ ಇರ್ಬೌದು ಸಾರ್. ಉರಿ ಸಣ್ಣಗಿತ್ತು" ಎಂದರು.

ಸುಲಿಯುವುದು ಇನ್ನೊಂದು ಪಾಠ. ಅಕ್ಕ ಸುಲಿದದ್ದು ಬೇಲೂರಿನ ನವರಂಗದ ಕಂಬದಷ್ಟು ನುಣುಪು. ನನ್ನದು ಹಳೇಬೀಡಿನ ಕೈ ಮುರಿದ ದ್ವಾರಪಾಲಕ. "ಇವತ್ತಿಟ್ಟ ಮೊಟ್ಟೆ ಇವತ್ತೇ ಬೇಯಿಸಿದ್ರೆ ಸಿಪ್ಪೆ ಬಿಡಲ್ಲ. ನಾಕು ದಿನ ಇರ್ಲಿ" ಎಂದರು. ನಾನು ನಾಟಿ ಮೊಟ್ಟೆ, ಅದೂ ಆಗಷ್ಟೇ ಇಟ್ಟದ್ದು, ಎಂದು ಹೆಮ್ಮೆಯಿಂದ ಹುಡುಕಿ ತರುತ್ತಿದ್ದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿ ಹೆಚ್ಚು ಪ್ರತ್ಯಾಮ್ಲೀಯವಾಗುತ್ತದೆ, ಆಗ ಪೊರೆಗೆ ಅಂಟುವುದಿಲ್ಲ. ಬೇಯಿಸಿದ ಕೂಡಲೇ ತಣ್ಣೀರಿಗೆ ಹಾಕಿ, ಗಾಳಿಗೂಡಿರುವ ಮೊಂಡು ತುದಿಯನ್ನು ಮೊದಲು ಕುಟ್ಟಬೇಕು. ಬೇಯಿಸುವ ನೀರಿಗೆ ಒಂದು ಹಿಡಿ ಕಲ್ಲುಪ್ಪು. "ಒಡೆದ್ರೂ ಬಾಯಿ ಮುಚ್ಕೊಳ್ತದೆ" ಎನ್ನುವುದು ಅಕ್ಕನ ವಿವರಣೆ. ಉಪ್ಪು ಬಿಳಿಯನ್ನು ಬೇಗ ಗಟ್ಟಿ ಮಾಡುತ್ತದೆ ಎನ್ನುವುದು ನನ್ನದು. ಅಕ್ಕನದೇ ಚೆನ್ನಾಗಿದೆ.

ತಿಂಗಳೊಪ್ಪತ್ತಿನಲ್ಲಿ ಅನ್ನ ಬಂತು, ತಿಳಿಸಾರು ಬಂತು. ಮುದ್ದೆ ಇನ್ನೂ ಗಂಟಾಗುತ್ತದೆ, ಆ ಮಾತು ಬೇಡ. ಬೀನ್ಸ್ ನಂಬಿಕೊಂಡು ನಾನೂ ಹೆಚ್ಚಲು ಕೂತೆ. ನನ್ನ ಕೈಯಲ್ಲಿ ಕಾಲು ಕೆ.ಜಿ. ಮುಗಿಯುವಷ್ಟರಲ್ಲಿ ಮತ್ತೆ ಹಸಿರು ಉಂಗುರ!

ಸಿಪ್ಪೆಯನ್ನು ಮಾತ್ರ ಪೇಪರಿನಲ್ಲಿ ಕಟ್ಟಿ, ಬೆಳಗಿನ ಕಸದ ಗಾಡಿಗೆ ಓನರ್ ಏಳುವ ಮೊದಲೇ ಹಾಕಿ ಬರುತ್ತಿದ್ದೆ. ಮೊನ್ನೆ ಗೇಟಿನ ಹತ್ತಿರ ಓನರ್ ಅಮ್ಮ ನಿಂತಿದ್ದರು. ಕೈಯಲ್ಲಿದ್ದ ಪೊಟ್ಟಣವನ್ನೇ ನೋಡಿ, "ಮೇಷ್ಟ್ರೇ, ಅದನ್ನ ಯಾಕೆ ಗಾಡಿಗೆ ಹಾಕ್ತೀರಾ? ಪುಡಿ ಮಾಡಿ ತೆಂಗಿನ ಬುಡಕ್ಕೆ ಹಾಕಿ" ಎಂದು ರಂಗೋಲಿ ಬಿಡಲು ಬಗ್ಗಿದರು.